ಡಿಸೈರ್ ಡೀಸೆಲ್ ಕೊಟ್ಟು ಟರ್ಬೊ ಪೆಟ್ರೋಲ್ ಸೆಡಾನ್ ತಗೊಂಡ್ರೆ ದೇವಿಮನೆ ಘಟ್ಟಕ್ಕೆ ನಡೀತದಾ?

ಕೊನೆಗೌಡ
ಎಲ್ಲರಿಗೂ ನಮಸ್ಕಾರ. ಮನೆ ಸಿರ್ಸಿ ಹತ್ರ ಹಳ್ಳಿ. ಹಳೇ ಡಿಸೈರ್ ಡೀಸೆಲ್ ಇದೆ, ಅದನ್ನ ಕೊಟ್ಟು ಮತ್ತೆ ಸೆಡಾನೇ ತಗೊಳ್ಳೋ ವಿಚಾರ. ಎಸ್‌ಯುವಿ ಬೇಡ. ಎತ್ತರದ ಗಾಡಿ ತಿರುವಲ್ಲಿ ತೂಗಿದ್ರೆ ಆಯಿಗೆ ಘಟ್ಟ ಮುಗಿಯೋದ್ರೊಳಗೆ ವಾಂತಿ. ಡೀಸೆಲ್ ಸೆಡಾನ್ ಅಂತೂ ಈಗ ನಮ್ಮ ಬಜೆಟ್ಟಲ್ಲಿ ಯಾರೂ ಮಾಡಲ್ಲ. ಮಾರುತಿ 2020ರಲ್ಲೇ ಡೀಸೆಲ್ ನಿಲ್ಲಿಸ್ತು, ಹ್ಯುಂಡೈ ವೆರ್ನಾ, ಹೋಂಡಾ ಸಿಟಿ 2023ರಲ್ಲಿ ನಿಲ್ಲಿಸಿದ್ವು.

ಹಾಗಾಗಿ ಕಣ್ಣು ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ 1.0 ಟರ್ಬೊ ಮೇಲಿದೆ. ದುಡ್ಡು ಹೊಂದಿದ್ರೆ 1.5, ಇಲ್ಲಾ ವೆರ್ನಾ ಟರ್ಬೊ. ನಮ್ಮ ಓಡಾಟ ಏನಂದ್ರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಆಗಾಗ, ಜಿಲ್ಲಾ ಕಚೇರಿ ಕೆಲಸಕ್ಕೆ ಕಾರವಾರ, ಆಸ್ಪತ್ರೆಗೆ ಹುಬ್ಬಳ್ಳಿ. ಐದು ಜನ, ಡಿಕ್ಕಿ ತುಂಬ ಸಾಮಾನು. 999 ಸಿಸಿ, ಮೂರೇ ಸಿಲಿಂಡರ್ ಅಂದ್ರೆ ಹೆದರಿಕೆ ಆಗತ್ತೆ. ಓಡಿಸಿದವರು ಹೇಳಿ.

ಬಂಗಡೆಪ್ರಿಯ
ಮೂರು ಬುಲೆಟ್ 350 ಸೇರಿಸಿದ್ರೆ ಅದಕ್ಕಿಂತ ದೊಡ್ಡ ಎಂಜಿನ್ ಆಗ್ತದೆ ಮಾರಾಯಾ. ಐದು ಜನ ಕೂತ್ರೆ ಇಬ್ಬರು ಘಟ್ಟದ ಬುಡದ ಕಟಗಾಲಲ್ಲೇ ಇಳಿದು ತಳ್ಳಬೇಕು.

ಲೆಕ್ಕದಮಾಸ್ತರ
ತಳ್ಳೋದೇನೂ ಬೇಡ. ಸಿಸಿ ನೋಡಿ ಹೆದರೋ ಕಾಲ ಹೋಯ್ತು. ಹಳೇ ಡಿಸೈರ್‌ನ 1.3 ಡೀಸೆಲ್ಲಿನ ಪವರ್ 75 ಪಿಎಸ್, ಟಾರ್ಕ್ ಅಂದ್ರೆ ಎಳೆಯೋ ಬಲ 190 ಎನ್‌ಎಂ, ಅದು 2000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ). ಸ್ಲಾವಿಯಾ, ವರ್ಟಸ್‌ನ ಈ 1.0 ಟರ್ಬೊ (ಟಿಎಸ್‌ಐ) 115 ಪಿಎಸ್, 178 ಎನ್‌ಎಂ, ಅದೂ 1750ರಿಂದ 4500ರವರೆಗೆ ಒಂದೇ ಸಮ. ಕಾಗದದ ಮೇಲೆ ಟಾರ್ಕ್ ಹೆಚ್ಚೂಕಡಿಮೆ ಅಷ್ಟೇ, ಪವರ್ ಒಂದೂವರೆ ಪಟ್ಟು. ಗಾಡಿ ಮಾತ್ರ ಡಿಸೈರ್‌ಗಿಂತ ಭಾರ, ಖಾಲಿಯೇ ಸುಮಾರು 1200 ಕೆಜಿ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಜನ, ಸಾಮಾನು ಎಲ್ಲ ಸೇರಿ 1600 ಕೆಜಿ. ಹನ್ನೆರಡಕ್ಕೆ ಒಂದು ಏರು. ಗಂಟೆಗೆ 40 ಕಿ.ಮೀ. ವೇಗ. ಗಾಡಿಯನ್ನ ಎತ್ತೋಕೆ, ಟಯರ್ ಉರುಳಿಸೋಕೆ ಎಲ್ಲ ಸೇರಿ ಬೇಕಾಗೋದು ಸುಮಾರು 17 ಕಿಲೊವ್ಯಾಟ್, ಅಂದ್ರೆ 23 ಎಚ್‌ಪಿ. ಅಷ್ಟೇ! ಎಂಜಿನ್ 1750ರಲ್ಲಿ ಪೂರ್ತಿ 178 ಎನ್‌ಎಂ ಕೊಡ್ತಿದ್ರೆ ಅಲ್ಲೇ 44 ಎಚ್‌ಪಿ ಸಿಗತ್ತೆ. ಘಟ್ಟ ಹತ್ತೋಕೆ ಕುದುರೆ ಬಲ ಸಾಲಲ್ಲ ಅನ್ನೋ ಮಾತೇ ಇಲ್ಲ. ಆ ಬಲ ಎಷ್ಟು ಬೇಗ ಎಚ್ಚರ ಆಗತ್ತೆ ಅನ್ನೋದೇ ಪ್ರಶ್ನೆ.

ಮೂರನೇಗೇರ್
ಮಾಸ್ತರ್ರು ಕೊನೇ ಸಾಲಲ್ಲಿ ಸರಿಯಾದ ಜಾಗಕ್ಕೆ ಬಂದ್ರು. ನನ್ನ ಹತ್ರ ಇರೋದು ಇದೇ ಜಾತಿಯ 1.0 ಟರ್ಬೊ ಮ್ಯಾನ್ಯುವಲ್, ಕಂಪನಿ ಹೆಸರು ಬೇಡ. ವಾರಕ್ಕೊಮ್ಮೆಯಾದ್ರೂ ಕುಮಟಾ-ಸಿರ್ಸಿ ಮಾಡ್ತೇನೆ.

ನೇರ ಏರಲ್ಲಿ ಮೂರನೇ ಗೇರಲ್ಲಿ ಹಾಯಾಗಿ ಹೋಗ್ತದೆ, ಡಿಸೈರ್ ನೆನಪೂ ಆಗಲ್ಲ. ಕಷ್ಟ ಇರೋದು ಯು ತಿರುವಲ್ಲಿ. ಮೇಲಿಂದ ಬಸ್ಸು ಅಗಲಕ್ಕೆ ಬರ್ತಾ ಇರ್ತದೆ, ನೀವು ಎಡಕ್ಕೆ ಒತ್ತಿ ಬ್ರೇಕ್ ಹಿಡೀತೀರಿ, ವೇಗ ಹದಿನೈದರ ಆಸುಪಾಸಿಗೆ ಇಳೀತದೆ, ಗೇರ್ ಎರಡರಲ್ಲೇ ಇದೆ. ಬಸ್ಸು ದಾಟಿತು, ಎಕ್ಸ್‌ಲೇಟರ್ ಒತ್ತಿದ್ರಿ. ಏನೂ ಇಲ್ಲ. ಸೂಜಿ 1300ರಲ್ಲಿ ನಿಂತು ನಿಮ್ಮನ್ನೇ ನೋಡ್ತದೆ. ಎಂಜಿನ್ ಗುಡುಗುಡು ಅಂತ ಕ್ಲಚ್ ಪೆಡಲ್ಲಿಗೂ ನಡುಕ ಬರ್ತದೆ. ಹಿಂದಿನ ಟೆಂಪೊದವ ಹಾರ್ನ್ ಹೊಡೀತಾನೆ. 1600, 1700 ದಾಟಿದ್ದೇ ಒಮ್ಮೆಲೇ ಯಾರೋ ಹಿಂದಿಂದ ನೂಕಿದಂಗೆ ಎದ್ದು ಓಡ್ತದೆ, ಅಷ್ಟೊತ್ತಿಗೆ ಮುಂದಿನ ತಿರುವು ಬಂದಾಗಿರ್ತದೆ.

ಉಪಾಯ ಒಂದೇ. ತಿರುವಿನ ಒಳಗೆ ಯೋಚನೆ ಮಾಡೋದಲ್ಲ, ಹೊರಗೇ ಗೇರ್ ಇಳಿಸ್ಕೊಂಡು 2000 ಮೇಲಿಟ್ಟು ಒಳಗೆ ಹೋಗೋದು. ತೀರಾ ಮೊಂಡು ತಿರುವಲ್ಲಿ ನಾಚಿಕೆ ಬಿಟ್ಟು ಫಸ್ಟ್ ಹಾಕೋದು. ಡೀಸೆಲ್ ಓಡಿಸಿದವರಿಗೆ ಫಸ್ಟ್ ಹಾಕೋದು ಅಂದ್ರೆ ಅವಮಾನ ಆದಂಗೆ.

ಸಿರ್ಸಿಭಾವ
ನಮ್ಮನೆ ಡಿಸೈರೂ 1800ರ ಕೆಳಗೆ ಸತ್ತೇ ಇರ್ತಿತ್ತು. ಅದರಲ್ಲಿ ಘಟ್ಟ ಹತ್ತಿದವರಿಗೆ ಇದು ಹೊಸ ವಿದ್ಯೆ ಅಲ್ಲ. ಗಾಡಿ ಅಡ್ಡಿಲ್ಲೆ.

ಯಲ್ಲಾಪುರಿ
ಇಷ್ಟೆಲ್ಲ ರಾಮಾಯಣ ಯಾಕೆ? ಹೋಂಡಾ ಸಿಟಿ 1.5 ತಗೊಳ್ಳಿ. 121 ಪಿಎಸ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಅದು ಏಳೋವರೆಗೆ ಕಾಯೋ ಲ್ಯಾಗೂ ಇಲ್ಲ. ಹತ್ತು ವರ್ಷ ಆದ್ಮೇಲೆ ಟರ್ಬೊ ಹಾಳಾಯ್ತು ಅಂತ ಅಳೋದೂ ಇಲ್ಲ.

ಮೂರನೇಗೇರ್
@ಯಲ್ಲಾಪುರಿ, ನೀವು ಅರಬೈಲ್ ಘಟ್ಟದಲ್ಲಿ ಅದಿರು ಲಾರಿ ಹಿಂದೆ ಸಿಟಿ ಓಡಿಸಿದ್ದೀರಾ? 145 ಎನ್‌ಎಂ, ಅದೂ 4300 ಆರ್‌ಪಿಎಂನಲ್ಲಿ. ಲಾರಿ ದಾಟಬೇಕಂದ್ರೆ ಎರಡನೇ ಗೇರಲ್ಲಿ ಕಿರುಚಿಸಬೇಕು. ಸದ್ದು ಚೆಂದ, ಒಪ್ಪಿದೆ. ಆದ್ರೆ ನೂರು ಮೀಟರ್ ನೇರ ದಾರಿ ಸಿಕ್ಕಾಗ ಮೂರನೇ ಗೇರಲ್ಲೇ ಒತ್ತಿ ದಾಟೋ ಸುಖ ಟರ್ಬೊದಲ್ಲೇ.

ಯಲ್ಲಾಪುರಿ
ಅರಬೈಲು ನಮ್ಮ ಮನೆ ಅಂಗಳ ಇದ್ದಂಗೆ ಸ್ವಾಮಿ. ಸಿಟಿಯಲ್ಲೇ ಓಡಾಡೋದು. ಲಾರಿ ದಾಟೋ ಆತುರ ಇದ್ದವರು ಅಂಕೋಲಾದಿಂದ ಹತ್ತು ನಿಮಿಷ ಮುಂಚೆ ಹೊರಡಬೇಕು.

ಕುಮಟೆಯವ_ಬೆಂಗಳೂರಲ್ಲಿ
ಟರ್ಬೊಗೆ ಇನ್ನೊಂದು ಲಾಭ ಇದೆಯಲ್ಲ, ಘಟ್ಟದ ಮೇಲೆ ಗಾಳಿ ತೆಳು, ಸಾದಾ ಎಂಜಿನ್ ಸೊರಗತ್ತೆ, ಟರ್ಬೊ ಸೊರಗಲ್ಲ.

ಲೆಕ್ಕದಮಾಸ್ತರ
ಸಿರ್ಸಿ ಇರೋದು ಸುಮಾರು 600 ಮೀಟರ್ ಎತ್ತರದಲ್ಲಿ. ಲಡಾಖ್ ಅಲ್ಲ. ಅಷ್ಟಕ್ಕೆ ಸಾದಾ ಎಂಜಿನ್ ಕಳಕೊಳ್ಳೋದು ನೂರಕ್ಕೆ ಆರೋ ಏಳೋ. ಎಸಿ ಹಾಕಿದ್ರೆ ಆಗೋ ನಷ್ಟದ ಮುಂದೆ ಅದು ಏನೂ ಅಲ್ಲ.

ಗ್ಯಾರೇಜಣ್ಣ
ಕೈಗೆ ಗ್ರೀಸ್ ಹತ್ತಿದವನ ಮಾತೂ ಸ್ವಲ್ಪ ಕೇಳಿ. ಲ್ಯಾಗ್ ಯಾಕೆ ಅಂದ್ರೆ, ಟರ್ಬೊ ಓಡೋದು ಸೈಲೆನ್ಸರ್‌ಗೆ ಹೋಗೋ ಹೊಗೆಯ ಬಲದಲ್ಲಿ. ಸಣ್ಣ ಟರ್ಬೊಗಳು ಜೋರು ಹಿಡಿದಾಗ ನಿಮಿಷಕ್ಕೆ ಎರಡು ಲಕ್ಷದ ಆಸುಪಾಸು ಸುತ್ತು ತಿರುಗ್ತವೆ. 1200ರಲ್ಲಿ ಎಂಜಿನ್ ಬಿಡೋ ಹೊಗೆ ಅದನ್ನ ತಿರುಗಿಸೋಕೆ ಸಾಲಲ್ಲ. ಟರ್ಬೊ ಏಳೋವರೆಗೆ ನಿಮ್ಮ ಕೈಯಲ್ಲಿರೋದು ಬರೀ ಒಂದು ಲೀಟರಿನ ಸಾದಾ ಎಂಜಿನ್.

ಈಗ ಮುಖ್ಯ ವಿಷಯ. ಡೀಸೆಲ್ಲಿಂದ ಬಂದವರು ಮಾಡೋ ದೊಡ್ಡ ತಪ್ಪು, ದೊಡ್ಡ ಗೇರಲ್ಲಿ ಕಮ್ಮಿ ಆರ್‌ಪಿಎಂಗೆ ಕಾಲು ಪೂರ್ತಿ ಒತ್ತಿ ಎಂಜಿನ್ನಿಂದ ಏರು ಎಳೆಸೋದು. ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮೋ ಟರ್ಬೊ ಎಂಜಿನ್‌ಗೆ ಇದು ವಿಷ. ಕಮ್ಮಿ ಸುತ್ತು, ಜೋರು ಒತ್ತಡ, ಪಿಸ್ಟನ್ ಸಂದಿಯಲ್ಲಿ ಸಿಕ್ಕ ಆಯಿಲ್ ಹನಿ. ಇವೆಲ್ಲ ಸೇರಿ ಪ್ಲಗ್ ಕಿಡಿ ಕೊಡೋಕೆ ಮುಂಚೆನೇ ಬೆಂಕಿ ಹತ್ತಬಹುದು. ಇದನ್ನ ಎಲ್‌ಎಸ್‌ಪಿಐ ಅಂತಾರೆ. ಅದು ಮಾಮೂಲಿ ನಾಕಿಂಗ್ ಅಲ್ಲ, ಜೋರಾಗಿ ಆದ್ರೆ ಪಿಸ್ಟನ್ನೇ ಒಡೀತದೆ. ಇದನ್ನ ತಡೆಯೋಕೇ ಎಪಿಐ ಎಸ್‌ಎನ್ ಪ್ಲಸ್, ಆಮೇಲೆ ಎಸ್‌ಪಿ ದರ್ಜೆಯ ಆಯಿಲ್ ಬಂದಿದ್ದು. ಕಂಪನಿ ಪುಸ್ತಕದಲ್ಲಿ ಯಾವ ಆಯಿಲ್ ಬರೆದಿದೆಯೋ ಅದನ್ನೇ ಹಾಕಿ. ಪರಿಚಯದವರ ಅಂಗಡಿಯಲ್ಲಿ ಕ್ಯಾನ್ ತೆರೆದಿಟ್ಟಿದ್ದು ಉಳಿದಿದೆ ಅಂತ ಸುರೀಬೇಡಿ.

ಇನ್ನೊಂದು. ದೇವಿಮನೆ ಹತ್ತಿದ ಕೂಡ್ಲೆ ಗುಡಿ ಹತ್ರ ಗಾಡಿ ನಿಲ್ಸಿ ಕೈಮುಗಿಯೋ ಅಭ್ಯಾಸ ನಮ್ಮವರಿಗೆ. ಮುಗೀರಿ. ಆದ್ರೆ ಕೊನೇ ಏರನ್ನ ಕಾಲು ಒತ್ತಿ ಹತ್ತಿ, ನಿಂತ ಕ್ಷಣ ಚಾವಿ ತಿರುಗಿಸ್ಬೇಡಿ. ಒಂದೆರಡು ನಿಮಿಷ ಸುಮ್ನೆ ಓಡಲಿ. ಕೆಂಪಗೆ ಕಾದ ಟರ್ಬೊದ ಬೇರಿಂಗಲ್ಲಿ ಆಯಿಲ್ ಹರಿಯೋದು ನಿಂತ್ರೆ ಅಲ್ಲೇ ಸುಟ್ಟು ಕರೀ ಆಗ್ತದೆ. ಈಗಿನ ಎಷ್ಟೋ ಗಾಡಿಯಲ್ಲಿ ಬಂದ್ ಮಾಡಿದ್ಮೇಲೂ ನೀರು ತಿರುಗಿಸೋ ಸಣ್ಣ ಪಂಪ್ ಇರ್ತದೆ, ಫ್ಯಾನ್ ಓಡ್ತಾ ಇರೋದು ಕೇಳಿರ್ತೀರಿ. ಅದನ್ನ ಕೇಳಿ ಗಾಬರಿಯಾಗಿ ಬ್ಯಾಟರಿ ಕಳಚಿದ ಪುಣ್ಯಾತ್ಮರೂ ನನ್ನ ಗಿರಾಕಿಗಳೇ.

ಬಂಗಡೆಪ್ರಿಯ
ಅಂದ್ರೆ ದೇವರಿಗೆ ಕೈಮುಗಿಯೋವಾಗ ಎಂಜಿನ್ ಚಾಲೂ, ಡ್ರೈವರ್ ಒಳಗೇ. ಪುಣ್ಯ ಪ್ಯಾಸೆಂಜರಿಗೆ ಮಾತ್ರ.

ಅಘನಾಶಿನಿ
ಏರೋದರ ಬಗ್ಗೆನೇ ಎಲ್ಲರೂ ಮಾತಾಡ್ತಿದ್ದೀರಿ. ಇಳಿಯೋದು ಯಾರು? ಸಣ್ಣ ಪೆಟ್ರೋಲ್ ಎಂಜಿನ್ ಇಳಿಜಾರಲ್ಲಿ ಗಾಡಿಯನ್ನ ಅಷ್ಟು ಹಿಡಿಯಲ್ಲ. ಎಂಜಿನ್ ದೊಡ್ಡದಿದ್ದಷ್ಟೂ ಎಕ್ಸ್‌ಲೇಟರ್ ಬಿಟ್ಟಾಗ ಹಿಡಿತ ಜಾಸ್ತಿ. ಒಂದು ಲೀಟರ್ ಗಾಡಿಯನ್ನ ಮೂರನೇ ಗೇರಲ್ಲಿ ಬಿಟ್ರೆ ತೇಲಿಕೊಂಡು ಹೋಗ್ತದೆ, ಬ್ರೇಕ್ ಮೇಲೆ ಕಾಲಿಟ್ಟೇ ಇಳೀಬೇಕು. ಕಟಗಾಲ ಮುಟ್ಟೋವಷ್ಟರಲ್ಲಿ ಸುಟ್ಟ ವಾಸನೆ. ಎರಡನೇ ಗೇರಲ್ಲಿ ಇಳೀರಿ, ಎಂಜಿನ್ ಕೂಗಿದ್ರೆ ಕೂಗಲಿ. ಎಕ್ಸ್‌ಲೇಟರ್ ಪೂರ್ತಿ ಬಿಟ್ಟು ಗೇರಲ್ಲಿ ಇಳಿಯೋವಾಗ ಇಂಜೆಕ್ಟರ್ ಪೆಟ್ರೋಲೇ ಬಿಡಲ್ಲ. ನ್ಯೂಟ್ರಲ್ಲಲ್ಲಿ ಇಳಿದು ಉಳಿತಾಯ ಮಾಡ್ತೇನೆ ಅನ್ನೋರು ಬ್ರೇಕನ್ನೂ ಕಳ್ಕೊಳ್ತಾರೆ, ಪೆಟ್ರೋಲನ್ನೂ ಸುಡ್ತಾರೆ.

ಸ್ಲಾವಿಯಾ, ವರ್ಟಸ್ ಎರಡಕ್ಕೂ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್. 150 ಪಿಎಸ್‌ನ 1.5 ಗಾಡಿಗೂ ಡ್ರಮ್ಮೇ. ಬೆಲೆ ನೋಡಿದ್ರೆ ನಂಗೆ ಇದು ಜಿಪುಣತನ ಅನ್ಸತ್ತೆ.

ಗ್ಯಾರೇಜಣ್ಣ
ಇಳಿಜಾರಲ್ಲಿ ಭಾರವೆಲ್ಲ ಮುಂದಿನ ಚಕ್ರಕ್ಕೇ ಬರೋದು, ಅಲ್ಲಿ ಡಿಸ್ಕ್ ಇದೆ. ಹಿಂದಿನ ಡ್ರಮ್ಮಿಗೆ ಇಷ್ಟು ಬೈಯೋ ಅಗತ್ಯ ಇಲ್ಲ. ಕಾರವಾರದ ಉಪ್ಪುಗಾಳಿಯಲ್ಲಿ ಡಿಸ್ಕ್ ಒಂದೇ ರಾತ್ರಿಗೆ ಕೆಂಪಾಗ್ತದೆ. ಡ್ರಮ್ ಒಳಗೆ ಮುಚ್ಚಿರ್ತದೆ. ಮಳೆಗಾಲದಲ್ಲಿ ವಾರಗಟ್ಲೆ ಹ್ಯಾಂಡ್‌ಬ್ರೇಕ್ ಎಳೆದಿಟ್ರೆ ಲೈನರ್ ಕಚ್ಚಿ ಕೂರ್ತದೆ, ಅದೊಂದೇ. ಸಮತಟ್ಟು ಜಾಗ ಆದ್ರೆ ಗೇರಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಅಘನಾಶಿನಿ
ಹದಿನೈದು ಲಕ್ಷ ಕೊಟ್ಟು ಚಕ್ರಕ್ಕೆ ಕಲ್ಲು ಕೊಡೋದು. ಸರಿ.

ಕಾಳಿತೀರ
ಕಾರವಾರದಿಂದ. ಇಲ್ಲಿ ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ, ಉಳಿದ ದಿನ ಉಪ್ಪು. ಎಂಜಿನ್ ಯಾವುದಾದ್ರೂ ತಗೊಳ್ಳಿ, ಮಳೆಗಾಲ ಮುಗಿದ ಕೂಡ್ಲೆ ಗಾಡಿ ಎತ್ತಿಸಿ ಕೆಳಭಾಗ ಸಿಹಿನೀರಲ್ಲಿ ಜೋರಾಗಿ ತೊಳೆಸಿ. ಸೈಲೆನ್ಸರ್ ಕ್ಲಾಂಪ್, ಎಸಿ ಕಂಡೆನ್ಸರ್ ಮೊದಲು ಹೋಗೋದು.

ಹೆದ್ದಾರಿ 66ರಲ್ಲಿ ಇಂಥ ಗಾಡಿ ಓಡಿಸೋ ಸುಖ ಬೇರೆಯೇ. ತಮ್ಮನ ಹತ್ರ 1.5 ಟಿಎಸ್‌ಐ ಇದೆ. ಕಾಲು ಹಗುರ ಇದ್ದಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ಮಲಗ್ತದೆ, ಮೀಟರಲ್ಲಿ ತೋರಿಸ್ತದೆ, ಕೂತವರಿಗೆ ಗೊತ್ತೇ ಆಗಲ್ಲ. ಬಿಣಗಾ ಸುರಂಗ ದಾಟಿ ಅಂಕೋಲಾ ಕಡೆ 80ರಲ್ಲಿ ಹಿಡಿದ್ರೆ ಎವರೇಜ್ ಇಪ್ಪತ್ತರ ಹತ್ರ ಬರ್ತದೆ. ಅದೇ ಗಾಡಿ ಅಣಶಿ ಘಟ್ಟ ಹತ್ತುವಾಗ ಮೀಟರ್ ಎಂಟಕ್ಕೆ ಇಳೀತದೆ. ಮಲಗೋ ಸಿಲಿಂಡರ್ ಕಥೆ ಎಲ್ಲ ಬಯಲಿಗೆ, ಘಟ್ಟಕ್ಕಲ್ಲ.

ಹೊನ್ನಾವರದವ
ಹೆದ್ದಾರಿ 66 ಸುಖ ಅಂದ್ರಾ? ಶಿರೂರಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದಿದ್ದು ನೆನಪಿದೆ ತಾನೆ? 2024ರ ಜುಲೈ 16.

ಕಾಳಿತೀರ
ನೆನಪಿಲ್ಲದೆ ಏನು. ಮುಂದಿನ ತಿಂಗಳೇ, ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೇ ಸೇತುವೆನೂ ಕುಸೀತು. ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಹೋಗೋವಾಗ ಟಾರ್ಕ್ ಎಷ್ಟು ಅಂತ ಯಾರೂ ಯೋಚಿಸಲ್ಲ, ಕಣ್ಣು ಮೇಲೇ ಇರ್ತದೆ. ವಿಷಯ ತಪ್ಪಿತು, ಬಿಡಿ.

ಕೊನೆಗೌಡ
ಎಲ್ಲರಿಗೂ ಉಪಕಾರ. ಆಟೊಮ್ಯಾಟಿಕ್ ತಗೊಂಡ್ರೆ ಈ ಯು ತಿರುವಿನ ರಗಳೆ ತಪ್ಪತ್ತಾ? ಮತ್ತೆ 999 ಸಿಸಿ ಅಂದ್ಮೇಲೆ ಟ್ಯಾಕ್ಸ್ ಕಮ್ಮಿ ಅಲ್ವಾ?

ಲೆಕ್ಕದಮಾಸ್ತರ
ಟ್ಯಾಕ್ಸ್ ಕಮ್ಮಿ ಅಲ್ಲ. ಪೆಟ್ರೋಲಿಗೆ 1200 ಸಿಸಿ ಒಳಗೆ ಇರಬೇಕು, ಜೊತೆಗೆ ಉದ್ದ ನಾಲ್ಕು ಮೀಟರ್ ಮೀರಬಾರದು. ಎರಡೂ ಬೇಕು. ಸ್ಲಾವಿಯಾ 4541 ಮಿ.ಮೀ. ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಗಾಡಿಗೆ 18 ಶೇಕಡಾ ಜಿಎಸ್‌ಟಿ, ಇವುಕ್ಕೆ 40. ಹಿಂದಿನ ಸೆಸ್ ಹೋಯ್ತು ಅನ್ನೋದಷ್ಟೇ ಸಮಾಧಾನ.

ಕುಮಟೆಯವ_ಬೆಂಗಳೂರಲ್ಲಿ
ಆಟೊಮ್ಯಾಟಿಕ್ ವಿಷಯ ನಾನು ಹೇಳ್ತೀನಿ, ಎರಡೂ ಥರ ಓಡಿಸಿದ್ದೀನಿ. 1.0 ಜೊತೆ ಬರೋದು ಆರು ಗೇರಿನ ಟಾರ್ಕ್ ಕನ್ವರ್ಟರ್. ಅದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಬಲ ಹೋಗತ್ತೆ. ಹಾಗಾಗಿ ಗಾಡಿ ನಿಧಾನ ಇದ್ರೂ ಎಂಜಿನ್ ತನ್ನಷ್ಟಕ್ಕೆ 1800, 2000ಕ್ಕೆ ಏರಬಹುದು, ಟರ್ಬೊ ಎದ್ದೇಳತ್ತೆ, ಟಾರ್ಕ್ ಸ್ವಲ್ಪ ಹೆಚ್ಚಾಗಿಯೇ ಚಕ್ರಕ್ಕೆ ಸಿಗತ್ತೆ. ಮೂರನೇಗೇರ್ ಅವರು ಹೇಳಿದ ಆ ಸತ್ತ ಕ್ಷಣ ಅರ್ಧಕ್ಕರ್ಧ ಮಾಯ. ಎವರೇಜ್ ಕೊಂಚ ಹೋಗತ್ತೆ.

1.5 ಜೊತೆ ಬರೋದು ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೊಮ್ಯಾಟಿಕ್, ಒಣ ಕ್ಲಚ್ ಎರಡು. ಓಡ್ತಾ ಇದ್ರೆ ಅದರಷ್ಟು ಚುರುಕು ಇನ್ನೊಂದಿಲ್ಲ. ಆದ್ರೆ ಘಟ್ಟದಲ್ಲಿ ಲಾರಿ ಸಾಲಿನ ಹಿಂದೆ ಇಂಚಿಂಚೇ ಹತ್ತೋದು ಅದಕ್ಕೆ ಆಗಿಬರಲ್ಲ. ನೀವು ಎಕ್ಸ್‌ಲೇಟರಲ್ಲೇ ಗಾಡಿಯನ್ನ ಏರಲ್ಲಿ ನಿಲ್ಸಿಕೊಂಡ್ರೆ ಒಳಗೆ ಕ್ಲಚ್ ಅರ್ಧ ಹಿಡಿದು ಸುಡ್ತಾ ಇರತ್ತೆ. ಬ್ರೇಕ್ ಹಿಡಿದು ನಿಲ್ಲಿ, ಮುಂದೆ ಎರಡು ಗಾಡಿ ಜಾಗ ಆದ್ಮೇಲೆ ಒಂದೇ ಸಲ ಹೋಗಿ.

ಯಲ್ಲಾಪುರಿ
ಎರಡು ಗಾಡಿ ಜಾಗ ಬಿಟ್ರೆ ಅಲ್ಲಿ ಮೂರು ಬೈಕು, ಒಂದು ರಿಕ್ಷಾ ಬಂದು ನಿಲ್ತವೆ. ನಮ್ಮ ಕಡೆ ಬಂದು ಬಹಳ ದಿನ ಆಯ್ತೇನೋ ನಿಮಗೆ.

ಚೀರೆಕಲ್ಲು
ಎಂಜಿನ್ ಪುರಾಣ ಆಯ್ತು, ಮನೆವರೆಗೆ ಹೋಗ್ತದಾ ಅಂತ ಯಾರಾದ್ರೂ ಕೇಳಿದ್ರಾ? ಸ್ಲಾವಿಯಾ, ವರ್ಟಸ್‌ನ ನೆಲದಿಂದ ಎತ್ತರ ಖಾಲಿ ಇದ್ದಾಗ 179 ಮಿ.ಮೀ. ಸೆಡಾನಿಗೆ ಅದು ಛಲೋ ಅಂಕೆ. ಆದ್ರೆ ಎರಡು ಚಕ್ರದ ನಡುವೆ 2651 ಮಿ.ಮೀ. ಉದ್ದ. ಹೆದ್ದಾರಿಯಲ್ಲಿ ಆ ಉದ್ದವೇ ಗಾಡಿಯನ್ನ ನೆಟ್ಟಗೆ ಇಡೋದು, ತೋಟದ ದಾರಿಯ ದಿಬ್ಬದಲ್ಲಿ ಅದೇ ಹೊಟ್ಟೆ ಉಜ್ಜಿಸೋದು. ಐದು ಜನ, ಹಿಂದೆ ಎರಡು ಮೂಟೆ ಅಡಿಕೆ ಹಾಕಿದ್ರೆ ಹಿಂಭಾಗ ಕೂತೇ ಬಿಡ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೋಗಿ ನಡುವೆ ದಿನ್ನೆ ಎದ್ದ ದಾರಿಯಾದ್ರೆ ಒಂದು ಬದಿ ಚಕ್ರ ದಿನ್ನೆ ಮೇಲೇ ಹತ್ತಿಸ್ಕೊಂಡು ಹೋಗಿ.

ಆಮೇಲೆ ಇಲಿ. ಕೊಟ್ಟಿಗೆ ಪಕ್ಕ ಗಾಡಿ ನಿಲ್ಸೋರು ಬಾನೆಟ್ ಒಳಗೆ ವಾರಕ್ಕೊಮ್ಮೆ ನೋಡಿ. ಈ ಹೊಸ ಗಾಡಿಗಳಲ್ಲಿ ಸೆನ್ಸರ್ ವೈರ್ ಎಷ್ಟಿದೆ ಅಂದ್ರೆ ಇಲಿಗೆ ಹಬ್ಬದೂಟ.

ಸಿರ್ಸಿಭಾವ
ಹೊಗೆಸೊಪ್ಪು ಕಟ್ಟಿ ಇಡಿ, ಬರ್ತಿಲ್ಲೆ.

ಚೀರೆಕಲ್ಲು
ನಮ್ಮನೆ ಇಲಿ ಹೊಗೆಸೊಪ್ಪೂ ತಿಂದು ವೈರೂ ತಿಂದು ಹೋತು ಭಾವ.

ಬಂಗಡೆಪ್ರಿಯ
ಸೆಡಾನಿನ ನಿಜವಾದ ಲಾಭ ಯಾರೂ ಹೇಳಲಿಲ್ಲ. 521 ಲೀಟರ್ ಡಿಕ್ಕಿ, ಅದೂ ಬೇರೆಯೇ ಕೋಣೆ. ಕಾರವಾರ ಪೇಟೆಯಿಂದ ಬಂಗಡೆ ತಂದ್ರೆ ಎಸ್‌ಯುವಿಯಲ್ಲಿ ಹಬ್ಬುವಾಡ ದಾಟೋದ್ರೊಳಗೆ ಮೂಗು ಮುಚ್ಚಬೇಕು. ಸೆಡಾನಲ್ಲಿ ಹೆಂಡ್ತಿಗೆ ಗೊತ್ತೇ ಆಗಲ್ಲ.

ಕೊನೆಗೌಡ
ನಮ್ಮನೇಲಿ ಮೀನಿನ ಹೆಸರು ತೆಗೆದ್ರೆ ಗಾಡಿ ಸಮೇತ ನನ್ನನ್ನೂ ಹೊರಗೆ ಹಾಕ್ತಾರೆ 😀

ಹೊನ್ನಾವರದವ
ಪೆಟ್ರೋಲ್ ಬಗ್ಗೆ ಒಂದು ಪ್ರಶ್ನೆ. ಇ20, ಅಂದ್ರೆ ಇಪ್ಪತ್ತು ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ್ಮೇಲೆ ಟರ್ಬೊ ಗಾಡಿಗೆ ತೊಂದ್ರೆ ಅಂತಾರಲ್ಲ?

ಗ್ಯಾರೇಜಣ್ಣ
2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಪೈಪು, ರಬ್ಬರು ಇ20 ತಡ್ಕೊಳ್ಳೋ ಹಾಗೇ ಇವೆ. ಎಥೆನಾಲಿಗೆ ಆಕ್ಟೇನ್ ಜಾಸ್ತಿ, ಅದು ಟರ್ಬೊ ಎಂಜಿನ್ನಿಗೆ ಒಳ್ಳೇದೇ. ಆದ್ರೆ ಲೀಟರಿಗೆ ಸಿಗೋ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಇಪ್ಪತ್ತು ಶೇಕಡಾ ಬೆರೆಸಿದ್ರೆ ಎವರೇಜ್ ನೂರಕ್ಕೆ ಆರರಷ್ಟು ಇಳಿಯೋದು ಲೆಕ್ಕಕ್ಕೆ ಸರಿಹೋಗ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ರೆ ಕಾರಣ ಪೆಟ್ರೋಲಲ್ಲ, ನಿಮ್ಮ ಬಲಗಾಲು.

ಕಾಳಿತೀರ
ಕಾರವಾರದವರಿಗೆ ಎವರೇಜ್ ಚಿಂತೆ ಇಲ್ಲ. ಸೇತುವೆ ದಾಟಿ ಪೋಳೆಂ ಬಂಕಿಗೆ ಹೋದ್ರೆ ಗೋವಾ ದರ.

ಲೆಕ್ಕದಮಾಸ್ತರ
ಹೋಗಿ ಬರೋ ಪೆಟ್ರೋಲ್ ಲೆಕ್ಕ ಹಾಕಿದ್ದೀರಾ?

ಕಾಳಿತೀರ
ಮಾಸ್ತರ್ರೇ, ನಾವು ಅಲ್ಲಿಗೆ ಪೆಟ್ರೋಲಿಗೆ ಮಾತ್ರ ಹೋಗ್ತೇವೆ ಅಂತ ಯಾರು ಹೇಳಿದ್ದು?

ಮೂರನೇಗೇರ್
@ಕೊನೆಗೌಡ, ವಾಪಸ್ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯ: ನಿಮ್ಮ ಓಡಾಟಕ್ಕೆ 1.0 ಆಟೊಮ್ಯಾಟಿಕ್. 1.5ಗೆ 250 ಎನ್‌ಎಂ, ವೆರ್ನಾ ಟರ್ಬೊಗೆ 253 ಎನ್‌ಎಂ, 160 ಪಿಎಸ್. ಓಡಿಸೋಕೆ ಮಜಾ, ಸುಳ್ಳು ಹೇಳಲ್ಲ. ಆದ್ರೆ ಆಯಿಗೆ ವಾಂತಿ ಅಂತ ನೀವೇ ಬರೆದಿದ್ದೀರಿ. 150 ಪಿಎಸ್ ಇಟ್ಕೊಂಡು ದೇವಿಮನೆಯಲ್ಲಿ ಸುಮ್ನೆ ಓಡಿಸೋ ಗಂಡಸು ನಾನಿನ್ನೂ ನೋಡಿಲ್ಲ.

ಅಘನಾಶಿನಿ
ನಾನು 1.5 ಮ್ಯಾನ್ಯುವಲ್ ಅಂತೀನಿ. ಸಿಸಿ ಜಾಸ್ತಿ ಇದ್ದಷ್ಟೂ ಟರ್ಬೊ ಏಳೋ ಮುಂಚಿನ ಜೀವವೂ ಜಾಸ್ತಿ, ಇಳಿಜಾರಲ್ಲಿ ಹಿಡಿತವೂ ಜಾಸ್ತಿ. ಡಿಎಸ್‌ಜಿ ಭಯವೂ ಇಲ್ಲ. ಓಡಿಸೋ ಗಂಡಸರ ಬಗ್ಗೆ ನನಗೆ ಗೊತ್ತಿಲ್ಲ, ನಮ್ಮನೆ ಗಾಡಿ ಓಡಿಸೋದು ನಾನು.

ಗ್ಯಾರೇಜಣ್ಣ
ಯಾವುದೇ ತಗೊಳ್ಳಿ, ಸರ್ವಿಸ್ ಎಲ್ಲಿ ಅಂತ ಮೊದಲು ಕೇಳ್ಕೊಳ್ಳಿ. ಹುಬ್ಬಳ್ಳಿಗೋ ಮಡಗಾಂವಿಗೋ ಒಂದು ದಿನ ಹಾಳು ಮಾಡ್ಕೊಂಡು ಹೋಗೋ ತಯಾರಿ ಇದ್ರೆ ಮಾತ್ರ ಮುಂದಿನ ಮಾತು. ಮತ್ತೆ ಶೋರೂಮಿನವರು ಕೊಡೋ ಟೆಸ್ಟ್ ಡ್ರೈವ್ ನಂಬಬೇಡಿ. ಒಬ್ಬರೇ ಕೂತು ಹುಬ್ಬಳ್ಳಿ ಬಯಲಲ್ಲಿ ಓಡಿಸಿದ್ರೆ ಎಲ್ಲ ಗಾಡಿಯೂ ಛಲೋನೇ. ಐದು ಜನ ಕೂತ್ಕೊಳ್ಳಿ, ಎಸಿ ಹಾಕಿ, ಯಾವುದಾದ್ರೂ ಏರಲ್ಲಿ ನಡಿಗೆ ವೇಗಕ್ಕೆ ಇಳಿಸಿ, ಎರಡನೇ ಗೇರಲ್ಲೇ ಎತ್ತಿ ನೋಡಿ. ನಡುಗಿದ್ರೆ ಎಷ್ಟು ನಡುಗತ್ತೆ, ಎಷ್ಟು ಹೊತ್ತಿಗೆ ಏಳತ್ತೆ, ಅಷ್ಟು ನೋಡಿದ್ರೆ ಮುಗೀತು. ಅದನ್ನ ಸಹಿಸ್ಕೊಳ್ಳೋಕೆ ಆಗತ್ತಾ ಅಂತ ನಿಮ್ಮ ಎಡಗಾಲೇ ಹೇಳ್ತದೆ.

ಕೊನೆಗೌಡ
ಶನಿವಾರ ಟೆಸ್ಟ್ ಡ್ರೈವಿಗೆ ಹೋಗ್ತಾ ಇದ್ದೇನೆ. ಐದು ಜನಕ್ಕೆ ಇನ್ನೂ ಇಬ್ಬರು ಬೇಕು. ಊಟ ನನ್ನದೇ.

ಸಿರ್ಸಿಭಾವ
ಆನು ಬರ್ತಿ. ಮುಂದಿನ ಸೀಟು ಎಂಗೆ.

ಬಂಗಡೆಪ್ರಿಯ
ನಾನೂ. ಊಟ ಎಲ್ಲಿ ಅಂತ ನಾನು ಹೇಳ್ತೇನೆ, ಗಾಡಿ ಯಾವುದು ಅಂತ ನೀವು ಹೇಳಿ.